ಕಟ್ಟೆಯ ಮೇಲೆ ಮಲಗುವವರಿಗೆ ರಗ್ಗು ಕೊಟ್ಟರೆ ಸಾಕೇ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರಗಳು. ವಿಜಯಪುರದ ಸ್ಟೇಷನ್ ರಸ್ತೆಯ ಕಡೆ ನನ್ನದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ನಾವು ಏಳೆಂಟು ಗೆಳೆಯರು ಪ್ರತಿ ಡಿಸೆಂಬರಿನಲ್ಲಿ ಪಟ್ಟಿ ಎತ್ತಿ, ಬಸ್ ನಿಲ್ದಾಣ, ರೈಲು ನಿಲ್ದಾಣ, ಗುಡಿ ಮತ್ತು ದರ್ಗಾಗಳ ಮುಂದೆ ಮಲಗುವವರಿಗೆ ರಗ್ಗು ಹಂಚುತ್ತ ಬಂದಿದ್ದೇವೆ. ಹೋದ ವರ್ಷ ರಗ್ಗು ಕೊಟ್ಟಿದ್ದ ಒಬ್ಬ ಅಜ್ಜ ನಾಲ್ಕು ದಿನಗಳ ನಂತರ, ನಸುಕಿನ ಐದು ಗಂಟೆಗೆ, ನಮ್ಮ ಓಣಿಯ ಅಂಗಡಿಯೊಂದರ ಕಟ್ಟೆಯ ಮೇಲೆ ರಗ್ಗನ್ನು ಆಚೆ ಎಸೆದು, ಅಂಗಿಯ ಗುಂಡಿ ಬಿಚ್ಚಿಕೊಂಡು ಬಿದ್ದಿದ್ದರು. ಮಾತು ತೊದಲುತ್ತಿತ್ತು, ಆದರೆ ಮೈ ನಡುಗುತ್ತಿರಲಿಲ್ಲ. ‘ಬಿಡ್ರೀ, ಕುಡದಾರ, ಬಿಸಲ ಬಿದ್ದ ಮ್ಯಾಲ ಏಳ್ತಾರ’ ಎಂದು ಯಾರೋ ಹೇಳಿದರು. ನಾವೂ ಹಾಗೆಯೇ ತಿಳಿದೆವು. ಎಂಟು ಗಂಟೆಗೆ ಆಸ್ಪತ್ರೆಗೆ ಸಾಗಿಸಿದರೂ ಮರುದಿನ ತೀರಿಕೊಂಡರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಮ್ಮದು ಬಿಸಿಲೂರು, ಇಲ್ಲಿಯೂ ಚಳಿಗೆ ಜನ ಸಾಯುತ್ತಾರೆಯೇ? ರಗ್ಗು ಸಾಲದಿದ್ದರೆ ಇನ್ನೇನು ಮಾಡಬೇಕು? ಕೆಲವರು ಒಂದು ಗುಟುಕು ಬ್ರಾಂದಿ ಹಾಕಿದರೆ ಮೈ ಕಾಯುತ್ತದೆ ಎನ್ನುತ್ತಾರೆ, ಇನ್ನು ಕೆಲವರು ಖಾಲಿ ಗೋದಾಮಿನಲ್ಲಿ ಮಲಗಿಸಿ ಇದ್ದಲಿನ ಶೇಗಡಿ ಇಡೋಣ ಎನ್ನುತ್ತಾರೆ. ಕರೆದರೂ ಬರಲೊಲ್ಲದವರನ್ನು ಒತ್ತಾಯದಿಂದ ಒಯ್ಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಕೇಳಿರುವ ಪ್ರಶ್ನೆಗಳು ನಾಲ್ಕು. ಅವುಗಳ ಹಿಂದೆ ನೀವು ಕೇಳದೆ ಉಳಿಸಿರುವ ಐದನೆಯದೊಂದಿದೆ: ಆ ಅಜ್ಜನನ್ನು ನಾವು ಉಳಿಸಬಹುದಿತ್ತೇ? ಮೊದಲು ಅದಕ್ಕೇ ಬರುತ್ತೇನೆ. ಪತ್ರ ಓದಿ ಸಾವಿನ ಕಾರಣವನ್ನು ನಿಶ್ಚಯವಾಗಿ ಹೇಳಲು ಯಾವ ವೈದ್ಯರಿಗೂ ಬರುವುದಿಲ್ಲ. ಆದರೆ ನೀವು ಕಂಡ ಮೂರು ಸಂಗತಿಗಳು, ಎಂದರೆ ತೊದಲುವ ಮಾತು, ನಿಂತುಹೋದ ನಡುಕ ಮತ್ತು ಅಷ್ಟು ಚಳಿಯಲ್ಲಿ ಹೊದಿಕೆಯನ್ನು ಎಸೆದು ಅಂಗಿ ಬಿಚ್ಚಿಕೊಂಡಿದ್ದು, ಒಟ್ಟಿಗೆ ಬಂದಾಗ ದೇಹದ ಒಳಗಿನ ಶಾಖವೇ ಅಪಾಯದ ಮಟ್ಟಕ್ಕೆ ಕುಸಿದಿರಬಹುದೆಂದು ಶಂಕಿಸಲೇಬೇಕು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೈಪೋಥರ್ಮಿಯಾ ಎನ್ನುತ್ತಾರೆ. ನಿಮಗೆ ಇದು ತಿಳಿದಿರಲಿಲ್ಲ ಎಂಬುದಕ್ಕೆ ನಾನು ನಿಮ್ಮನ್ನು ದೂಷಿಸಲಾರೆ, ಏಕೆಂದರೆ ತಿಳಿದಿರಬೇಕಾದ ನಾನೇ ಇದೇ ತಪ್ಪನ್ನು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಸ್ಪತ್ರೆಯ ತುರ್ತು ವಿಭಾಗದ ರಾತ್ರಿ ಪಾಳಿಯಲ್ಲಿ, ದಾರಿಹೋಕರು ತಂದು ಬಿಟ್ಟ ಮುದುಕರೊಬ್ಬರ ಬಾಯಿಂದ ಸೆರೆಯ ವಾಸನೆ ಬಂದಿದ್ದನ್ನೇ ನೋಡಿ, ಬೆಳಗಾದ ಮೇಲೆ ತಾವಾಗಿ ಏಳುತ್ತಾರೆಂದು ವರಾಂಡದ ಬೆಂಚಿನ ಮೇಲೆ ಮಲಗಿಸಿದೆ. ಥರ್ಮಾಮೀಟರಿನಲ್ಲಿ ಪಾದರಸ ಏರಿರಲೇ ಇಲ್ಲ; ಜ್ವರವಿಲ್ಲ ಎಂದು ಬರೆದೆ. ನಮ್ಮ ಕಡೆ ಬಳಸುವ ಸಾಧಾರಣ ಜ್ವರದ ಥರ್ಮಾಮೀಟರಿನ ಗೆರೆಗಳು ಆರಂಭವಾಗುವುದೇ 35 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ, ಅಂದರೆ ಯಾವ ಮಟ್ಟಕ್ಕಿಂತ ಕೆಳಗೆ ಹೋದರೆ ಈ ಕಾಯಿಲೆ ಎನ್ನುತ್ತೇವೆಯೋ ಅಲ್ಲಿಂದಲೇ. ಆ ಗಾಜಿನ ಕಡ್ಡಿಗೆ ಜ್ವರ ಕಾಣುತ್ತದೆಯೇ ಹೊರತು ಚಳಿ ಕಾಣುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಬೆಳಗಾದ ಮೇಲೆ, ಅವರ ಉಸಿರು ನಿಂತ ನಂತರ.

ಬಿಸಿಲೂರಿನಲ್ಲಿ ಚಳಿಗೆ ಜನ ಸಾಯುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇದೇ ವಿಜಯಪುರದಲ್ಲಿ ಡಿಸೆಂಬರ್ ಮತ್ತು ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ನಮ್ಮದು ಸಮುದ್ರದಿಂದ ದೂರದ, ಎತ್ತರದ ಬಯಲುನಾಡು. ಚಳಿಗಾಲದಲ್ಲಿ ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡವಿರುವುದಿಲ್ಲ, ಹಗಲು ಕಾದ ನೆಲದ ಶಾಖವನ್ನು ರಾತ್ರಿ ತಡೆದು ನಿಲ್ಲಿಸುವುದು ಯಾವುದೂ ಇರುವುದಿಲ್ಲ. ಹೀಗಾಗಿ ಮಧ್ಯಾಹ್ನ ಅಂಗಿ ತೊಯ್ಯುವಷ್ಟು ಬೆವರಿದವರು ನಸುಕಿನಲ್ಲಿ ಹಲ್ಲು ಕಡಿಯುತ್ತಾರೆ, ಮತ್ತು ಅತ್ಯಂತ ಕಠಿಣವಾದ ಹೊತ್ತು ನೀವು ರಗ್ಗು ಹಂಚುವ ರಾತ್ರಿ ಹತ್ತು ಗಂಟೆಯಲ್ಲ, ಸೂರ್ಯ ಹುಟ್ಟುವ ಮುಂಚಿನ ಎರಡು ತಾಸು. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಬಯಲು ಪ್ರದೇಶದಲ್ಲಿ ಶೀತಗಾಳಿ ಎಂದು ಹವಾಮಾನ ಇಲಾಖೆ ಘೋಷಿಸಬೇಕಾದರೆ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ಆ ಊರಿನ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಇಳಿದಿರಬೇಕು, ಇಲ್ಲವೇ ನೇರವಾಗಿ 4 ಡಿಗ್ರಿಗೆ ಬಂದಿರಬೇಕು. ಈ ಅಳತೆ ಹವಾಮಾನಕ್ಕೆ ಸರಿ. ಆದರೆ ಹೊಟ್ಟೆಗಿಲ್ಲದ, ಬಟ್ಟೆ ಒದ್ದೆಯಾದ ಎಪ್ಪತ್ತರ ಮುದುಕರಿಗೆ 12 ಡಿಗ್ರಿಯ ರಾತ್ರಿಯೂ ಸಾಕಾಗುತ್ತದೆ. ಆದ್ದರಿಂದ ಎಚ್ಚರಿಕೆ ಬರಲಿ ಎಂದು ಕಾಯುತ್ತ ಕೂರಬೇಡಿ.

ಇಲ್ಲಿ ಸಾಮಾನ್ಯವಾಗಿ ಒಂದು ವಾದ ಎದುರಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಬಂದ ರೈತರು ಬಯಲಿನಲ್ಲಿಯೇ ಎತ್ತುಗಳ ಪಕ್ಕದಲ್ಲಿ ಮಲಗುವುದಿಲ್ಲವೇ, ಅವರಿಗೇನೂ ಆಗುವುದಿಲ್ಲವಲ್ಲ, ಬೀದಿಯಲ್ಲಿರುವವರ ಮೈಗೂ ಹಾಗೆಯೇ ರೂಢಿಯಾಗಿರುತ್ತದೆ ಎಂಬುದು ಆ ವಾದ. ರೈತರ ಹಾಸಿಗೆಯನ್ನು ಹತ್ತಿರ ಹೋಗಿ ನೋಡಿದವರು ಹೀಗೆ ಹೇಳಲಾರರು. ಅವರ ಮೈಯ ಕೆಳಗೆ ಒಣಗಿದ ಕಣಿಕೆ ದಪ್ಪನಾಗಿ ಹಾಸಿರುತ್ತದೆ, ಅದರ ಮೇಲೆ ಕೌದಿ, ಮೈಮೇಲೆ ಕಂಬಳಿ; ಹೊಟ್ಟೆಯಲ್ಲಿ ಸಜ್ಜೆ ಅಥವಾ ಜೋಳದ ರೊಟ್ಟಿ ಇರುತ್ತದೆ; ಒಂದು ಕಡೆ ಎತ್ತು, ಇನ್ನೊಂದು ಕಡೆ ಬಂಡಿ ಗಾಳಿಯನ್ನು ತಡೆಯುತ್ತವೆ; ಮಧ್ಯರಾತ್ರಿ ಎದ್ದು ಬೆಂಕಿ ಕೆದಕುವ ಒಡನಾಡಿ ಪಕ್ಕದಲ್ಲಿರುತ್ತಾನೆ. ಅಂಗಡಿಯ ಕಟ್ಟೆಯ ಮೇಲೆ ಒಬ್ಬಂಟಿಯಾಗಿ ಮಲಗಿದ ಅಜ್ಜನಿಗೆ ಇವುಗಳಲ್ಲಿ ಒಂದೂ ಇರುವುದಿಲ್ಲ. ದೇಹ ಚಳಿಗೆ ಸ್ವಲ್ಪ ಮಟ್ಟಿಗೆ ಒಗ್ಗಿಕೊಳ್ಳುತ್ತದೆ ಎಂಬುದು ನಿಜ, ಆದರೆ ನಡುಗಿ ಶಾಖ ಹುಟ್ಟಿಸಬೇಕಾದರೂ ಸ್ನಾಯು ಬೇಕು, ಆ ಸ್ನಾಯುವಿಗೆ ಅನ್ನ ಬೇಕು. ಜೋರಾಗಿ ನಡುಗುವ ಮೈ ಸುಮ್ಮನಿರುವ ಮೈಗಿಂತ ನಾಲ್ಕೈದು ಪಟ್ಟು ಶಾಖ ಹುಟ್ಟಿಸಬಲ್ಲದು. ಎರಡು ದಿನದಿಂದ ಉಪವಾಸವಿದ್ದ ಮೈಗೆ ಆ ಶಕ್ತಿ ಬೇಗನೆ ಮುಗಿದುಹೋಗುತ್ತದೆ.

ಹೀಗೆ ನೋಡಿದಾಗ ನಿಮ್ಮ ರಗ್ಗಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ರಗ್ಗು ವ್ಯರ್ಥವಲ್ಲ, ಆದರೆ ಅದು ಅರ್ಧ ಕೆಲಸ. ನಮ್ಮ ಅಂಗಡಿಗಳ ಕಟ್ಟೆಗೆ ಹಾಸಿರುವ ಶಹಾಬಾದಿ ಫರಸಿ ಮೈಗೆ ತಾಗಿದ ಕಡೆಯೆಲ್ಲ ಶಾಖವನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಮತ್ತು ಮೈಭಾರಕ್ಕೆ ಚಪ್ಪಟೆಯಾದ ತೆಳುವಾದ ರಗ್ಗಿನ ಅಂಚು ಅದನ್ನು ತಡೆಯುವುದಿಲ್ಲ. ನಿಮ್ಮಲ್ಲಿ ಒಬ್ಬರಿಗೆ ಎರಡು ಹೊದಿಕೆ ಕೊಡುವಷ್ಟು ಹಣವಿದ್ದರೆ ಒಂದನ್ನು ಕೆಳಗೆ ಹಾಸಿಸಿ. ಹಣವಿಲ್ಲದಿದ್ದರೆ ನಿಮ್ಮ ಕಿರಾಣಿ ಅಂಗಡಿಯಲ್ಲೇ ದಿನವೂ ಮಿಗುವ ರಟ್ಟಿನ ಡಬ್ಬಿಗಳನ್ನು ಬಿಚ್ಚಿ ಮೂರ್ನಾಲ್ಕು ಪದರ ಹಾಸಿ, ಅದರ ಮೇಲೆ ಒಣಗಿದ ಗೋಣಿಚೀಲ ಹಾಕಿದರೆ, ಬರಿಯ ಕಲ್ಲಿನ ಮೇಲೆ ದುಬಾರಿ ರಗ್ಗು ಹೊದ್ದು ಮಲಗುವುದಕ್ಕಿಂತ ಬೆಚ್ಚಗಿರುತ್ತದೆ. ಉಣ್ಣೆಯ ಕಂಬಳಿಗೆ ಇನ್ನೊಂದು ಗುಣವಿದೆ: ಸ್ವಲ್ಪ ನೆನೆದರೂ ಅದು ಬಿಸಿ ಹಿಡಿದಿಡುತ್ತದೆ, ಹತ್ತಿಯ ಚಾದರ ನೆನೆದರೆ ಮೈಯ ಶಾಖವನ್ನೇ ಕದಿಯುತ್ತದೆ. ತಲೆಯಿಂದಲೇ ಅರ್ಧಕ್ಕಿಂತ ಹೆಚ್ಚು ಶಾಖ ಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಸುಳ್ಳು, ತಲೆ ಮೈಯ ಎಷ್ಟು ಭಾಗವೋ ಹೆಚ್ಚುಕಡಿಮೆ ಅಷ್ಟೇ ಶಾಖ ಅಲ್ಲಿಂದ ಹೋಗುತ್ತದೆ. ಆದರೂ ಕಿವಿ ಮುಚ್ಚುವ ಟೊಪ್ಪಿಗೆಯನ್ನೂ ಕಾಲುಚೀಲವನ್ನೂ ಕೊಡಿ, ಏಕೆಂದರೆ ರಗ್ಗು ಸರಿದಾಗ ತೆರೆದುಕೊಳ್ಳುವುದು ಆ ಎರಡು ತುದಿಗಳೇ.

ಒದ್ದೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಇದು ನೇರವಾಗಿ ನಿಮ್ಮ ಓಣಿಗೆ ಸಂಬಂಧಿಸಿದ್ದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ನಸುಕಿನಲ್ಲಿ ಅಂಗಡಿಯ ಮುಂದೆ ನೀರು ಹಾಕಿ ತೊಳೆಯುವುದು ನಮ್ಮ ಕಡೆಯ ಪದ್ಧತಿ, ಮತ್ತು ಕೆಲವು ಕಡೆ ಕಟ್ಟೆಯ ಮೇಲೆ ಮಲಗಿದವರನ್ನು ಎಬ್ಬಿಸಲಿಕ್ಕೆಂದೇ ಬಕೀಟಿನಿಂದ ನೀರು ಚೆಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಡೀ ರಾತ್ರಿಯ ಅತ್ಯಂತ ತಂಪಾದ ಹೊತ್ತಿನಲ್ಲಿ, ಆಗಲೇ ಸೋತಿರುವ ಮೈಮೇಲೆ ನೀರು ಬೀಳುವುದೆಂದರೆ ಏನೆಂಬುದನ್ನು ನಿಮ್ಮ ವ್ಯಾಪಾರಿ ಬಂಧುಗಳಿಗೆ ದಯವಿಟ್ಟು ತಿಳಿಸಿ ಹೇಳಿ. ಚಳಿಗಾಲದ ಎರಡು ತಿಂಗಳು ಕಟ್ಟೆ ತೊಳೆಯುವುದನ್ನು ಬಿಸಿಲೇರಿದ ಮೇಲೆ ಇಟ್ಟುಕೊಂಡರೆ ಯಾರ ವ್ಯಾಪಾರಕ್ಕೂ ಕುಂದು ಬರುವುದಿಲ್ಲ, ಮತ್ತು ಅಂಗಡಿಕಾರರಾದ ನೀವು ಕೇಳಿದರೆ ಈ ಮಾತು ನಡೆಯುತ್ತದೆ. ವೈದ್ಯನಾದ ನಾನು ಕೇಳಿದರೆ ನಡೆಯುವುದಿಲ್ಲ. ಹಾಸಿಗೆಯಲ್ಲಿಯೇ ಮೂತ್ರ ಮಾಡಿಕೊಳ್ಳುವ ಮುದುಕರಿಗೂ ಅಪಾಯ ಇದೇ. ಅಂಥವರಿಗೆ ಹೊಸ ರಗ್ಗಿಗಿಂತ ಒಂದು ಜೊತೆ ಒಣಗಿದ ಧೋತರ ಅಥವಾ ಪಾಯಿಜಾಮಾ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಕುಡಿದವರನ್ನೂ ಚಳಿ ಹಿಡಿದವರನ್ನೂ ಬೇರೆ ಮಾಡುವುದು ಹೇಗೆ ಎಂಬುದು. ಮೊದಲ ಹಂತದಲ್ಲಿ, ಒಳಗಿನ ಶಾಖ 35ರಿಂದ 32 ಡಿಗ್ರಿಯ ನಡುವೆ ಇರುವಾಗ, ಮನುಷ್ಯ ಜೋರಾಗಿ ನಡುಗುತ್ತಾನೆ, ಬೆರಳುಗಳು ಮಾತು ಕೇಳುವುದಿಲ್ಲ, ನಡಿಗೆ ತಡವರಿಸುತ್ತದೆ, ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿದಂತೆ ನಡುಕ ನಿಲ್ಲುತ್ತದೆ. ಜನ ಇದನ್ನು ಸುಧಾರಣೆ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ದೇಹ ಸೋತಿರುವುದರ ಗುರುತು. ಈ ಹಂತದಲ್ಲಿ ಅಷ್ಟು ಹೊತ್ತು ಸಂಕುಚಿಸಿಕೊಂಡಿದ್ದ ಚರ್ಮದ ರಕ್ತನಾಳಗಳು ಸಡಿಲಗೊಂಡು ರಕ್ತ ಒಮ್ಮೆಲೇ ಚರ್ಮಕ್ಕೆ ನುಗ್ಗುವುದರಿಂದ ಮೈಯೆಲ್ಲ ಉರಿದಂತೆ ಭಾಸವಾಗುತ್ತದೆ, ಮಂಕಾದ ಬುದ್ಧಿ ಅದನ್ನು ನಂಬಿ ಬಟ್ಟೆ ಕಿತ್ತೆಸೆಯುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ನಿಮ್ಮ ಅಜ್ಜ ರಗ್ಗನ್ನು ಎಸೆದದ್ದು ಅದು ಬೇಡವಾಗಿದ್ದರಿಂದ ಅಲ್ಲ. ಪರೀಕ್ಷೆಗೆ ಉಪಕರಣವೇನೂ ಬೇಕಾಗಿಲ್ಲ: ನಿಮ್ಮ ಅಂಗೈಯ ಹಿಂಭಾಗವನ್ನು ಅವರ ಅಂಗಿಯ ಒಳಗೆ ಹೊಟ್ಟೆಯ ಮೇಲೆ ಇಟ್ಟು ನೋಡಿ. ಕೈಕಾಲು ತಣ್ಣಗಿರುವುದು ಚಳಿಗಾಲದಲ್ಲಿ ಸಹಜ, ಹೊಟ್ಟೆ ತಣ್ಣಗಿರುವುದು ಸಹಜವಲ್ಲ. ಸೆರೆಯ ವಾಸನೆ ಬಂದರೂ ಈ ಪರೀಕ್ಷೆಯನ್ನು ಬಿಡಬೇಡಿ, ಏಕೆಂದರೆ ಕುಡಿದವರಿಗೇ ಚಳಿ ಬೇಗ ತಗಲುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಇಳಿದಾಗಲೂ ಕುಡಿದವರಂತೆಯೇ ಮಾತು ತೊದಲುತ್ತದೆ ಎಂಬುದು ನೆನಪಿರಲಿ.

ಬ್ರಾಂದಿಯ ಪ್ರಶ್ನೆಗೂ ಉತ್ತರ ಇದರಲ್ಲಿಯೇ ಇದೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ; ಒಳಗಿನ ಬಿಸಿ ರಕ್ತ ಹೊರಗೆ ಬಂದು ಮೈ ಕಾದಂತೆ ಅನ್ನಿಸುತ್ತದೆ, ಮತ್ತು ಅದೇ ದಾರಿಯಿಂದ ಶಾಖ ಹೊರಟುಹೋಗುತ್ತದೆ. ನಡುಕವೂ ಕಡಿಮೆಯಾಗುತ್ತದೆ, ರಗ್ಗು ಸರಿದಿದೆ ಎಂಬ ಅರಿವೂ ಉಳಿಯುವುದಿಲ್ಲ. ಒಂದು ಗುಟುಕನ್ನೂ ಕೊಡಬೇಡಿ. ಆದರೆ ಕುಡಿಯುತ್ತಾರೆ ಎಂಬ ಕಾರಣಕ್ಕೆ ಯಾರಿಗೂ ಹೊದಿಕೆ ನಿರಾಕರಿಸಲೂಬೇಡಿ, ರಾತ್ರಿ ಕಳೆಯಲು ಬೇರೆ ದಾರಿ ಕಾಣದೆ ಕುಡಿಯುವವರೇ ಅವರಲ್ಲಿ ಹಲವರು.

ಅಂಥ ಸ್ಥಿತಿಯಲ್ಲಿ ಯಾರನ್ನಾದರೂ ಕಂಡರೆ ಮೊದಲು 108ಕ್ಕೆ ಕರೆ ಮಾಡಿ, ‘ಯಾರೋ ಬಿದ್ದಿದ್ದಾರೆ’ ಎನ್ನದೆ ‘ಮೈ ತಣ್ಣಗಾಗಿದೆ, ನಡುಕ ನಿಂತಿದೆ, ಮಾತು ತೊದಲುತ್ತಿದೆ’ ಎಂದು ಬಿಡಿಸಿ ಹೇಳಿ. ಗಾಡಿ ಬರುವವರೆಗೆ ಅವರನ್ನು ಎಬ್ಬಿಸಿ ನಡೆದಾಡಿಸಬೇಡಿ, ಕೈಕಾಲು ತಿಕ್ಕಬೇಡಿ, ಎಣ್ಣೆ ಹಚ್ಚಿ ಉಜ್ಜಬೇಡಿ. ತಣ್ಣಗಾದ ಹೃದಯ ಸಣ್ಣ ಅಲುಗಾಟಕ್ಕೂ ಲಯ ತಪ್ಪಬಹುದು, ಮತ್ತು ಕೈಕಾಲಿನ ತಣ್ಣನೆಯ ರಕ್ತವನ್ನು ಒಮ್ಮೆಲೇ ಎದೆಯ ಕಡೆಗೆ ನೂಕುವುದು ಅಪಾಯಕಾರಿ. ಮಲಗಿಸಿಯೇ ಕೆಳಗೆ ರಟ್ಟು ಮತ್ತು ರಗ್ಗು ಸೇರಿಸಿ, ಒದ್ದೆ ಬಟ್ಟೆಯಿದ್ದರೆ ಎಳೆದಾಡದೆ ಕತ್ತರಿಸಿ ತೆಗೆದು ಒಣಬಟ್ಟೆ ಹೊದಿಸಿ. ಚಹಾದ ಅಂಗಡಿಯಿಂದ ಬಿಸಿನೀರು ತಂದು ಬಾಟಲಿಯಲ್ಲಿ ತುಂಬಿ, ಅದಕ್ಕೆ ಟವೆಲ್ ಸುತ್ತಿ ಕಂಕುಳು ಮತ್ತು ಎದೆಯ ಪಕ್ಕದಲ್ಲಿ ಇಡಿ. ಬರಿಯ ಬಾಟಲಿ ಇಟ್ಟರೆ ಮರಗಟ್ಟಿದ ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಪೂರ್ತಿ ಎಚ್ಚರವಿದ್ದು ತಾವೇ ನುಂಗಬಲ್ಲವರಾದರೆ ಮಾತ್ರ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ ಅಥವಾ ಗಂಜಿ ಕೊಡಿ. ಮರಗಟ್ಟಿ ಮಲಗಿದವರನ್ನು ಸತ್ತರೆಂದು ಅವಸರದಲ್ಲಿ ನಿರ್ಧರಿಸಬೇಡಿ. ಚಳಿಯಲ್ಲಿ ನಾಡಿ ಎಷ್ಟು ನಿಧಾನವಾಗುತ್ತದೆ ಎಂದರೆ ಒಂದು ಪೂರ್ಣ ನಿಮಿಷ ಹಿಡಿದು ನೋಡಿದರೂ ಸಿಗದಿರಬಹುದು, ಅಂಥವರೂ ಮೈ ಬೆಚ್ಚಗಾದ ಮೇಲೆ ಬದುಕಿದ ಉದಾಹರಣೆಗಳಿವೆ.

ಗೋದಾಮಿನಲ್ಲಿ ಶೇಗಡಿ ಇಡುವ ಯೋಚನೆಯನ್ನು ಇಂದೇ ಕೈಬಿಡಿ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಸಲಹೆಗಳಲ್ಲಿ ಇದರಷ್ಟು ಅಪಾಯದ್ದು ಇನ್ನೊಂದಿಲ್ಲ. ಇದ್ದಲು ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ, ಮಲಗಿದವರು ಮಲಗಿದಂತೆಯೇ ಹೋಗುತ್ತಾರೆ. ಹೊಗೆ ಕಾಣದ ಕೆಂಡ ನಿರಪಾಯಕಾರಿ ಎಂಬ ತಿಳಿವಳಿಕೆ ಪೂರ್ತಿ ತಪ್ಪು. ಬಯಲಿನಲ್ಲಿ ಹಾಕುವ ಬೆಂಕಿಗೆ ನನ್ನ ಅಭ್ಯಂತರವಿಲ್ಲ, ಆದರೆ ಅದು ಕಟ್ಟಿಗೆಯದಾಗಿರಲಿ. ಟೈರು, ಪ್ಲಾಸ್ಟಿಕ್ ಸುಟ್ಟ ಹೊಗೆ ಉಬ್ಬಸದವರನ್ನು ಅದೇ ರಾತ್ರಿ ಆಸ್ಪತ್ರೆಗೆ ತರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರು ಬೆಂಕಿಯ ಕಡೆ ಕಾಲು ಚಾಚಿ ಮಲಗಿ, ಬೆಳಗ್ಗೆ ಸುಟ್ಟ ಬೆರಳುಗಳೊಂದಿಗೆ ಬಂದದ್ದನ್ನು ನಾನು ಒಂದೆರಡಲ್ಲ, ಪ್ರತಿ ಚಳಿಗಾಲದಲ್ಲೂ ಕಂಡಿದ್ದೇನೆ.

ಗೋದಾಮು ಬೆಚ್ಚಗಾಗಲು ಬೆಂಕಿ ಬೇಕಾಗಿಯೂ ಇಲ್ಲ. ಗಾಳಿ ನೇರವಾಗಿ ಬೀಸದಂತೆ ಒಂದು ಕಿಟಕಿ ಮಾತ್ರ ತೆರೆದಿಟ್ಟು, ನೆಲಕ್ಕೆ ದಪ್ಪನಾಗಿ ಹಾಸಿದರೆ ಹತ್ತು ಜನರ ಮೈಶಾಖವೇ ಸಾಕು. ಆದರೆ ಇಂಥ ತಾತ್ಕಾಲಿಕ ವ್ಯವಸ್ಥೆಗೆ ರಾತ್ರಿಯೆಲ್ಲ ಎಚ್ಚರವಿರುವ ಒಬ್ಬರು, ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ ಇರಲೇಬೇಕು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ. ಇಕ್ಕಟ್ಟಾದ ಕೋಣೆಯಲ್ಲಿ ಕ್ಷಯ ಹರಡುವುದು ಬೇಗ. ಈ ಜವಾಬ್ದಾರಿ ಹೊರಲಾಗದಿದ್ದರೆ ಅದಕ್ಕೆ ಕೈ ಹಾಕದಿರುವುದೇ ಲೇಸು, ಏಕೆಂದರೆ ಇದು ಮೂಲತಃ ನಿಮ್ಮ ಹೊಣೆಯಲ್ಲ. ನಗರದ ವಸತಿರಹಿತರಿಗೆ ಆಶ್ರಯ ಕಲ್ಪಿಸಬೇಕೆಂದು ಸುಪ್ರೀಂ ಕೋರ್ಟ್ 2010ರಿಂದ ಆದೇಶಗಳನ್ನು ನೀಡುತ್ತ ಬಂದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಆಶ್ರಯ ಇರಬೇಕು, ಅದು ಇಪ್ಪತ್ನಾಲ್ಕು ತಾಸೂ ತೆರೆದಿರಬೇಕು ಎನ್ನುತ್ತದೆ. ವಿಜಯಪುರ ನಗರದ ಜನಸಂಖ್ಯೆ 2011ರ ಗಣತಿಯಲ್ಲಿಯೇ ಮೂರು ಲಕ್ಷ ದಾಟಿತ್ತು, ಅಂದರೆ ಮುನ್ನೂರು ಜನರಿಗೆ ಜಾಗವಿರಬೇಕು ಎಂಬ ಲೆಕ್ಕ ನಿಮ್ಮ ಕೈಯಲ್ಲಿರಲಿ. ನಮ್ಮ ಆಸ್ತಿ ತೆರಿಗೆಯ ಜೊತೆಗೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ಶೇಕಡಾ 3ರಷ್ಟು ಉಪಕರವನ್ನೂ ನಾವೆಲ್ಲ ಕಟ್ಟುತ್ತಿದ್ದೇವೆ. ಮಹಾನಗರ ಪಾಲಿಕೆಗೆ ಲಿಖಿತವಾಗಿ ಕೇಳಿ: ಆಶ್ರಯ ಕೇಂದ್ರ ಎಲ್ಲಿದೆ, ಎಷ್ಟು ಹಾಸಿಗೆ, ರಾತ್ರಿ ಹನ್ನೆರಡಕ್ಕೆ ಕರೆದುಕೊಂಡು ಹೋದರೆ ಬಾಗಿಲು ತೆರೆಯುವವರು ಯಾರು. ನವೆಂಬರಿನಲ್ಲಿ ಕೇಳಿದರೆ ಜನವರಿಯೊಳಗೆ ಉತ್ತರ ಸಿಗುತ್ತದೆ.

ಬರಲೊಲ್ಲದವರ ವಿಷಯ ಸೂಕ್ಷ್ಮವಾದದ್ದು. ಅವರು ಹಟಮಾರಿಗಳು ಎಂದು ನಾನು ಒಪ್ಪುವುದಿಲ್ಲ. ಪ್ರತಿಯೊಬ್ಬರಿಗೂ ಕಾರಣವಿರುತ್ತದೆ, ಕುಳಿತು ಕೇಳಿದರೆ ಹೇಳುತ್ತಾರೆ. ಭಿಕ್ಷುಕರೆಂದು ಹಿಡಿದೊಯ್ದು ದೂರದ ಪರಿಹಾರ ಕೇಂದ್ರಕ್ಕೆ ಸೇರಿಸುತ್ತಾರೆಂಬ ಹೆದರಿಕೆ ಹಲವರಿಗಿದೆ. ಹಮಾಲಿ ಮಾಡುವವರಿಗೆ ನಾಲ್ಕು ಗಂಟೆಗೆ ಮಾರುಕಟ್ಟೆಯ ಲಾರಿ ತಪ್ಪಿದರೆ ಅಂದಿನ ಕೂಲಿ ಹೋಗುತ್ತದೆ. ಗಂಡ ಹೆಂಡತಿಯನ್ನು ಬೇರೆ ಬೇರೆ ಕಡೆ ಮಲಗಿಸುತ್ತಾರೆ, ತಲೆಯ ಕೆಳಗಿನ ಗಂಟನ್ನು ಇಡಲು ಜಾಗವಿರುವುದಿಲ್ಲ, ಕಳವಾಗುತ್ತದೆ. ಬುದ್ಧಿ ನೆಟ್ಟಗಿರುವ ವಯಸ್ಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಒಯ್ಯುವ ಅಧಿಕಾರ ನಿಮಗಿಲ್ಲ, ಒಯ್ದರೆ ಅವರು ಮುಂದಿನ ಬಾರಿ ನಿಮ್ಮನ್ನು ಕಂಡೊಡನೆ ಕತ್ತಲೆಗೆ ಸರಿಯುತ್ತಾರೆ. ಅಂಥವರಿಗೆ ಹಾಸು, ಹೊದಿಕೆ, ಬಿಸಿ ಊಟ ಕೊಟ್ಟು ಮರುರಾತ್ರಿ ಮತ್ತೆ ಹೋಗಿ ಮಾತನಾಡಿಸುವುದೇ ದಾರಿ. ಆದರೆ ಮೇಲೆ ಹೇಳಿದಂತೆ ತೊದಲುತ್ತ, ನಡುಕ ನಿಂತು, ‘ನನಗೇನೂ ಬ್ಯಾಡ, ಬಿಡ್ರಿ’ ಎನ್ನುವವರ ನಿರಾಕರಣೆ ಅವರ ನಿರ್ಧಾರವಲ್ಲ, ಅದು ಕಾಯಿಲೆಯ ಮಾತು. ಆಗ ಒಪ್ಪಿಗೆಗೆ ಕಾಯದೆ 108ನ್ನು ಕರೆಯಿರಿ.

ಮನೋರೋಗದಿಂದ ಬೀದಿಗೆ ಬಂದವರ ಅಪಾಯ ಇಮ್ಮಡಿ, ಏಕೆಂದರೆ ಅವರಿಗೆ ಕೊಡುವ ಕೆಲವು ಔಷಧಿಗಳೇ ದೇಹದ ಶಾಖ ನಿಯಂತ್ರಣವನ್ನು ಕುಗ್ಗಿಸುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೆಯ ಕಲಮಿನ ಪ್ರಕಾರ, ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ. ಠಾಣೆಗೆ ಹೋಗುವಾಗ ಕಲಮಿನ ಸಂಖ್ಯೆ ಬರೆದುಕೊಂಡು ಹೋಗಿ. ಮಕ್ಕಳು ಒಂಟಿಯಾಗಿ ಕಂಡರೆ 1098, ಹಿರಿಯರ ವಿಷಯಕ್ಕೆ 14567, ತುರ್ತಿಗೆ 112.

ಈ ವರ್ಷ ನೀವು ಇಷ್ಟು ಮಾಡಿ ನೋಡಿ: ರಗ್ಗಿನ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಹಣದಲ್ಲಿ ಹಾಸು, ಕಾಲುಚೀಲ, ಒಂದು ದೊಡ್ಡ ಚಹಾದ ಥರ್ಮಾಸು ಮತ್ತು ಕಡಿಮೆ ಉಷ್ಣಾಂಶವನ್ನೂ ತೋರಿಸುವ ಥರ್ಮಾಮೀಟರನ್ನು ಕೊಳ್ಳಿ. ಎಂಟು ಜನರಲ್ಲಿ ದಿನಕ್ಕೆ ಇಬ್ಬರಂತೆ ಸರದಿ ಹಾಕಿಕೊಂಡು, ರಾತ್ರಿ ಹತ್ತರ ಬದಲು ನಸುಕಿನ ನಾಲ್ಕೂವರೆಗೆ ಒಂದು ಸುತ್ತು ಬನ್ನಿ. ಮಲಗಿರುವವರ ಹೆಸರು, ಜಾಗ, ಕಾಯಿಲೆ ಇದ್ದರೆ ಅದು, ಇಷ್ಟನ್ನು ಒಂದು ವಹಿಯಲ್ಲಿ ಬರೆದಿಡಿ; ನಿನ್ನೆ ಇದ್ದವರು ಇಂದು ಕಾಣದಿದ್ದರೆ ಹುಡುಕಲು ಅದೇ ಆಧಾರ. ಆಸ್ಪತ್ರೆಗೆ ಸೇರಿಸಿದವರ ವಾರ್ಡಿನಲ್ಲಿ ನಿಮ್ಮಲ್ಲೊಬ್ಬರ ಫೋನ್ ನಂಬರು ಕೊಟ್ಟು, ಬಿಡುಗಡೆಯನ್ನು ಸಂಜೆಗೆ ಮಾಡಬೇಡಿ, ಬೆಳಗ್ಗೆ ನಾವು ಬಂದು ಕರೆದೊಯ್ಯುತ್ತೇವೆ ಎಂದು ಕೇಳಿಕೊಳ್ಳಿ. ಸಂಜೆ ಆರಕ್ಕೆ ಚೀಟಿ ಕೈಗಿಟ್ಟರೆ ಅವರು ಹೋಗುವುದು ಅದೇ ಕಟ್ಟೆಗೆ, ಮತ್ತು ಅವರ ರಗ್ಗನ್ನು ಅಷ್ಟರಲ್ಲಿ ಬೇರೆ ಯಾರೋ ಹೊದ್ದುಕೊಂಡಿರುತ್ತಾರೆ.